ಸಂಕ್ರಾಂತಿ ದಾಟಿದ ಟಿಕ್ಕು

ನಮ್ಮನೆಯ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ನನ್ನ ಟಿಕ್ಕು ಯಾವ ವರ್ಷವೂ ಸಂಕ್ರಾಂತಿ ದಾಟಿದ್ದಿಲ್ಲ. ಜನವರಿ ಒಂದನೇ ತಾರೀಕು ಸ್ನಾನ ಮುಗಿಸಿ, ಹೊಸ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ, ಪಕ್ಕದಲ್ಲೇ ಒಂದು ನೀಲಿ ಪೆನ್ನನ್ನು ದಾರ ಕಟ್ಟಿ ನೇತುಹಾಕುತ್ತೇನೆ. ಒಂದು ವರ್ಷ ದಿನಾ ಯೋಗಾಸನ ಅಂತ, ಒಂದು ವರ್ಷ ಸಕ್ಕರೆ ಇಲ್ಲದ ಕಾಫಿ ಅಂತ, ಇನ್ನೊಂದು ವರ್ಷ ಸ್ಕೂಟರ್ ಕಲಿಯುತ್ತೇನೆ ಅಂತ. ಎಂಟು ಹತ್ತು ದಿನ ಚೌಕಗಳಲ್ಲಿ ಟಿಕ್ಕು ಬೀಳುತ್ತದೆ. ಎಳ್ಳಿಗೆ ಕೊಬ್ಬರಿ ಬೆಲ್ಲ ಹೆಚ್ಚುವ ಗಡಿಬಿಡಿಯಲ್ಲಿ ಒಂದು ದಿನ ತಪ್ಪುತ್ತದೆ, "ಆಮೇಲೆ ನೋಡೋಣ" ಅನ್ನುತ್ತೇನೆ, ಅಲ್ಲಿಗೆ ಕಥೆ ಮುಗಿಯಿತು. ಪೆನ್ನು ಮಾತ್ರ ಡಿಸೆಂಬರ್‌ವರೆಗೂ ನೇತಾಡುತ್ತಿರುತ್ತದೆ. "ಪಾಪ, ಅದನ್ನ ನೇಣಿಗೆ ಹಾಕ್ಬುಟ್ಟಿದೀಯಲ್ಲೇ" ಎಂದು ನಮ್ಮವರು ರೇಗಿಸುತ್ತಾರೆ.

ನನ್ನ ಹೆಸರು ಗಿರಿಜಾ. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಮನೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು ಸೀರೆಗಳಿಗೆ ಕುಚ್ಚು ಹಾಕುವುದು ನನ್ನ ಕೆಲಸ. ನಮ್ಮವರು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಮಗಳು ಹಾಸನದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ಮನೆಯಲ್ಲಿ ಉಳಿದವರು ಅತ್ತೆ. ಎಂಬತ್ತು ಹತ್ತಿರವಾದರೂ ಬೆಳಿಗ್ಗೆ ಐದಕ್ಕೆ ಎದ್ದು, ತಣ್ಣೀರು ಸ್ನಾನ ಮಾಡಿ, ದೇವರ ಮನೆಯಲ್ಲಿ ಕೂರುವ ಹೆಂಗಸು. ನಾವಿಬ್ಬರೂ ಜಗಳವಾಡುವುದೂ ಕಡಿಮೆ, ಮನಸ್ಸು ಬಿಚ್ಚಿ ಮಾತಾಡುವುದೂ ಕಡಿಮೆ.

ನನ್ನ ಕುತ್ತಿಗೆಯ ಗಂಟನ್ನು ಮೊದಲು ಕಂಡವರು ಅತ್ತೆಯೇ. ಎರಡು ದೀಪಾವಳಿಗಳ ಹಿಂದೆ ಎಣ್ಣೆ ಸ್ನಾನಕ್ಕೆ ಮೊದಲು ನನ್ನ ತಲೆಗೆ, ಕುತ್ತಿಗೆಗೆ ಎಣ್ಣೆ ಒತ್ತುತ್ತಿದ್ದವರು ಕಿವಿಯ ಕೆಳಗೆ ಬೆರಳು ನಿಲ್ಲಿಸಿ, "ಏನೇ ಇದು, ಕಡಲೆಕಾಳಿನಷ್ಟು? ಯಾರಿಗಾದ್ರೂ ತೋರ್ಸು" ಅಂದರು. "ಆಮೇಲೆ ತೋರಿಸ್ತೀನಿ ಅತ್ತೆ" ಅಂದೆ. ಮದುವೆಯ ಕಾಲ, ಕೈತುಂಬ ಸೀರೆ. ಆ "ಆಮೇಲೆ" ಎರಡು ತಿಂಗಳು ಎಳೆಯಿತು. ಕಡಲೆಕಾಳು ಏನಾಯಿತೆಂದು ಮುಟ್ಟಿ ನೋಡಿಕೊಳ್ಳುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಪುರುಸೊತ್ತಿತ್ತು, ಧೈರ್ಯ ಇರಲಿಲ್ಲ.

ಕಳೆದ ವರ್ಷದ ಜನವರಿ ಒಂದಕ್ಕೆ ಎರಡು ಸಂಕಲ್ಪ ಮಾಡಿದೆ. ದಿನಾ ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದು ಸುತ್ತು ನಡೆಯುವುದು. ಇನ್ನೊಂದು, "ಆಮೇಲೆ" ಅನ್ನುವ ಮಾತನ್ನು ಬಾಯಿಂದಲೇ ತೆಗೆದುಬಿಡುವುದು. ನಮ್ಮವರಿಗೆ ಹೇಳಿದಾಗ ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಎರಡನೇದನ್ನ ಯಾವಾಗಿಂದ ಶುರು ಮಾಡ್ತೀಯ, ಆಮೇಲಿಂದ್ಲಾ?" ಅಂದರು.

ಐದನೇ ದಿನ ಕೆರೆ ಏರಿಯ ಮೇಲೆ ನಡೆಯುತ್ತಾ ಸೆಖೆಯಾಗಿ ಕುತ್ತಿಗೆಯ ಶಾಲು ತೆಗೆದೆ. ಎದುರಿಗೆ ಲಕ್ಷ್ಮೀಪುರಂನ ಶಶಿಕಲಾ ಬರುತ್ತಿದ್ದರು. ಅವರ ಮಗಳ ಮದುವೆಯ ಒಂಬತ್ತು ಸೀರೆಗಳು ನನ್ನ ಹತ್ತಿರವೇ ಇದ್ದವು. ಸೀರೆಯ ಬಗ್ಗೆ ಕೇಳುತ್ತಾರೆಂದು ನಾನು ಉತ್ತರ ಹುಡುಕುತ್ತಿದ್ದರೆ, ಅವರು ನನ್ನ ಕುತ್ತಿಗೆಯನ್ನೇ ನೋಡುತ್ತಾ ನಿಂತುಬಿಟ್ಟರು.

"ಏನ್ರೀ ಗಿರಿಜಾ ಅದು? ನಿಂಬೆಹಣ್ಣಿನಷ್ಟಿದೆಯಲ್ರೀ! ಡಾಕ್ಟ್ರಿಗೆ ತೋರ್ಸಿದ್ರಾ?"

"ಆ..." ಅಂತ ಬಾಯಿ ತೆರೆದೆ. ಉಳಿದದ್ದನ್ನು ನುಂಗಿಕೊಂಡೆ. ಅವತ್ತೇ ಸಂಜೆ ನಮ್ಮವರ ಸ್ಕೂಟರ್ ಹತ್ತಿ ಆಸ್ಪತ್ರೆಗೆ ಹೋದೆ. ನನ್ನ ಜೀವಮಾನದಲ್ಲಿ ಹೊಸ ವರ್ಷದ ಸಂಕಲ್ಪವೊಂದು ನಿಜವಾಗಿ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಆಸ್ಪತ್ರೆಯ ವೈದ್ಯೆ ನನಗಿಂತ ಚಿಕ್ಕವರು. ಗಂಟನ್ನು ಬೆರಳಲ್ಲಿ ಒತ್ತಿ, "ನೋವಿದೆಯಾ?" ಎಂದು ಕೇಳಿದರು. ಇಲ್ಲವೆಂದೆ. ಅವರ ಮುಖದಲ್ಲಿ ಏನೋ ಬದಲಾಯಿತು ಎಂದು ನನಗೆ ಅನ್ನಿಸಿತು. ನೋವಿದ್ದಿದ್ದರೆ ಒಳ್ಳೆಯದಿತ್ತೇನೋ, ನೋವಿದೆ ಅಂದುಬಿಡಲೇ ಅಂತಲೂ ಯೋಚಿಸಿದೆ. ಅವರು ಚೀಟಿ ಬರೆಯುತ್ತಾ, "ಸೂಜಿ ಹಾಕಿ ಸ್ವಲ್ಪ ತೆಗೆದು ಟೆಸ್ಟ್‌ಗೆ ಕಳ್ಸೋಣ. ಸುಮ್ನೆ ಏನೇನೋ ಊಹೆ ಮಾಡ್ಕೋಬೇಡಿ" ಅಂದರು. ಊಹೆ ಮಾಡಿಕೊಳ್ಳಬೇಡಿ ಅಂದರೆ ಊಹೆ ಮಾಡಿಕೊಳ್ಳುವಂಥದ್ದು ಏನೋ ಇದೆ ಅಂತ ಆಯಿತಲ್ಲ!

ಆ ಪರೀಕ್ಷಾ ವಿಭಾಗದ ಹೊರಗಿನ ಕಬ್ಬಿಣದ ಕುರ್ಚಿಗಳನ್ನು ನಾನು ಕಣ್ಣು ಮುಚ್ಚಿಕೊಂಡೂ ಎಣಿಸಬಲ್ಲೆ. ಗೋಡೆಯ ಮೇಲೆ ಶಬ್ದವಿಲ್ಲದ ಟೀವಿ. ಅದರಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. ನಮ್ಮವರು ಪೇಪರಿನ ಒಂದೇ ಪುಟವನ್ನು ಮುಕ್ಕಾಲು ಗಂಟೆ ಓದಿದರು. ನನ್ನ ಪಕ್ಕ ಕೂತಿದ್ದ ಮಂಡಕಳ್ಳಿಯ ಕಡೆಯ ಒಬ್ಬ ಅಜ್ಜಿ, "ನಿಮ್ದೇನವ್ವಾ?" ಎಂದು ಕೇಳಿದರು. ಕುತ್ತಿಗೆ ತೋರಿಸಿದೆ. ಅವರು ಸೆರಗು ಸರಿಸಿ ತಮ್ಮ ಕಂಕುಳ ಕೆಳಗಿನದನ್ನು ತೋರಿಸಿದರು. "ನಂದು ಇಲ್ಲಿ" ಅಂದರು. ಒಳಗಿಂದ ನನ್ನ ಹೆಸರು ಕೂಗಿದಾಗ ಅಜ್ಜಿ ನನ್ನ ಮೊಣಕೈಯನ್ನು ಒಂದು ಸಲ ಒತ್ತಿ ಬಿಟ್ಟರು. ಆ ಒತ್ತು ಇವತ್ತಿಗೂ ನನಗೆ ನೆನಪಿದೆ, ಸೂಜಿ ಚುಚ್ಚಿದ್ದು ನೆನಪಿಲ್ಲ.

ಸೂಜಿಯ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಏನೂ ತಿಳಿಯಲಿಲ್ಲ. ಗಂಟಿನ ಒಂದು ತುಂಡನ್ನೇ ಕತ್ತರಿಸಿ ಕಳಿಸಬೇಕು, ರಿಪೋರ್ಟಿಗೆ ಹತ್ತು ದಿನ ಅಂದರು. ಆ ಹತ್ತು ದಿನದ ನಡುವೆ ಸಂಕ್ರಾಂತಿ ಬಂತು. ಕುತ್ತಿಗೆಗೆ ಪಟ್ಟಿ, ಅದರ ಮೇಲೆ ರೇಷ್ಮೆ ಸೀರೆಯ ಸೆರಗು ಹೊದ್ದು ಬೀದಿಯ ಮನೆಮನೆಗೆ ಎಳ್ಳು ಬೀರಿದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಎಲ್ಲರ ಕೈಗೂ ಕೊಡುತ್ತಾ, ಮನಸ್ಸಿನಲ್ಲಿ ಕೆಟ್ಟದ್ದನ್ನೇ ಯೋಚಿಸುತ್ತಿದ್ದೆ. ಮಗಳ ಮದುವೆಗೆ ನಾನಿರುತ್ತೇನಾ? ಅವಳ ಸೀರೆಗೆ ಕುಚ್ಚು ಯಾರು ಹಾಕುತ್ತಾರೆ? ಅತ್ತೆಗೆ ಮಂಡಿ ನೋವಿನ ಎಣ್ಣೆ ಎಲ್ಲಿದೆ ಅಂತ ಇವರಿಗೆ ಗೊತ್ತೂ ಇಲ್ಲವಲ್ಲ! ಹೀಗೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಕ್ಯಾಲೆಂಡರಿನಲ್ಲಿ ನನ್ನ ಟಿಕ್ಕು ಐದನೇ ತಾರೀಕಿಗೇ ನಿಂತಿತ್ತು.

ರಿಪೋರ್ಟ್ ಬಂದ ದಿನ ವೈದ್ಯೆ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಕ್ಯಾನ್ಸರ್ ಅಲ್ಲ. ಟಿಬಿ. ಕುತ್ತಿಗೆಯ ಗಂಟಿಗೆ ಬರುವ ಟಿಬಿ" ಅಂದರು.

"ಟಿಬಿನಾ? ಅಬ್ಬಾ, ದೇವ್ರು ದೊಡ್ಡೋನು! ತುಂಬಾ ಥ್ಯಾಂಕ್ಸ್ ಮೇಡಂ!" ಎಂದು ನಮ್ಮವರು ಕೈಮುಗಿದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನರ್ಸ್ ತಿರುಗಿ ನೋಡಿದಳು. ಟಿಬಿ ಬಂದಿದೆಯೆಂದು ಇಷ್ಟು ಸಂತೋಷಪಟ್ಟವರನ್ನು ಅವಳು ಕಂಡಿರಲಾರಳು. ನನಗೂ ಅಳು, ನಗು ಎರಡೂ ಒಟ್ಟಿಗೆ ಬಂತು.

ಆ ಸಂತೋಷ ಸ್ಕೂಟರ್ ನಿಲ್ಲಿಸಿದ್ದ ಜಾಗದವರೆಗೂ ಉಳಿಯಲಿಲ್ಲ. ವೈದ್ಯೆ ಹೇಳಿದ ಒಂದು ಮಾತು ತಲೆಯಲ್ಲಿ ಕೂತಿತ್ತು. "ಆರು ತಿಂಗಳು ದಿನಾ ಮಾತ್ರೆ. ಖಾಲಿ ಹೊಟ್ಟೇಲಿ. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಬಿಟ್ಟು ಬಿಟ್ಟು ತಗೊಂಡ್ರೆ ಕಾಯಿಲೆ ಮೊಂಡು ಬೀಳುತ್ತೆ, ಆಮೇಲೆ ಈ ಮಾತ್ರೆಗೆ ಬಗ್ಗಲ್ಲ." ಬೇರೆ ಯಾರಿಗಾದರೂ ಹೇಳಿದ್ದರೆ ಸರಿ. ಹತ್ತು ದಿನ ಸಕ್ಕರೆ ಬಿಡಲಾಗದ ನನಗೆ ಹೇಳಿದ್ದರು! ಪ್ರತಿ ವರ್ಷ ಸಂಕ್ರಾಂತಿಗೆ ಮುರಿದುಬೀಳುವ ಈ ಹೆಂಗಸಿನ ಪ್ರಾಣ ಅವಳ ಶಿಸ್ತಿನ ಮೇಲೆ ನಿಂತಿದೆ ಅಂತಾದರೆ ಅವಳು ಹೆದರದೆ ಇನ್ನೇನು ಮಾಡಬೇಕು?

ಯಾರಿಗೂ ಹೇಳುವುದು ಬೇಡವೆಂದು ನಾನೇ ನಿರ್ಧರಿಸಿದೆ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು, ಈ ಥರದ್ದು ಮುಟ್ಟಿದರೆ ಅಂಟುವುದಿಲ್ಲ ಎಂದು ವೈದ್ಯೆ ಬಿಡಿಸಿ ಹೇಳಿದ್ದರು. ಆದರೆ ಮದುವೆ ಸೀರೆ ಕೊಡುವ ಶಶಿಕಲಾರಂಥವರಿಗೆ ಅದನ್ನೆಲ್ಲ ಯಾರು ಬಿಡಿಸಿ ಹೇಳುವುದು? ಎಲ್ಲರಿಗೂ ಥೈರಾಯ್ಡ್ ಅಂದೆ. ಅತ್ತೆಗೂ ಅದನ್ನೇ ಹೇಳಿದೆ. ಸಾಲದೆಂಬಂತೆ ಯಾರೂ ಹೇಳದಿದ್ದರೂ ನನ್ನದೊಂದು ತಟ್ಟೆ, ಲೋಟ ಬೇರೆ ಮಾಡಿ, ಗುರುತಿಗೆ ಲೋಟದ ಕಂಠಕ್ಕೆ ಹಸಿರು ರೇಷ್ಮೆ ದಾರ ಸುತ್ತಿದೆ. ಬೇಡವೆಂದು ಡಾಕ್ಟರೇ ಹೇಳಿದ್ದರೂ ಮನಸ್ಸು ಕೇಳಲಿಲ್ಲ. ನಮ್ಮವರು ನೋಡಿ ಸಿಟ್ಟಾದರು. "ಓದಿದೋರು ಹಿಂಗೆಲ್ಲ ಮಾಡ್ತಾರೇನೇ?" ಅಂದರು. ಅತ್ತೆ ಲೋಟದ ದಾರವನ್ನು ಒಮ್ಮೆ ನೋಡಿ ದೇವರ ಮನೆಗೆ ಹೋದರು.

ಕ್ಯಾಲೆಂಡರಿನ ಪೆನ್ನಿಗೆ ಮತ್ತೆ ಕೆಲಸ ಬಂತು. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗುವುದು, ಟಿಕ್ಕು ಹಾಕುವುದು. ಕೆಲವು ದಿನ ಹೊಟ್ಟೆ ತೊಳಸಿ ನಾನು ಹಾಗೇ ಹೋಗಿ ಮಲಗಿದರೆ, ಖಾಲಿಯಾದ ಮಾತ್ರೆಯ ಪಟ್ಟಿ ನೋಡಿ ನಮ್ಮವರೇ ಟಿಕ್ಕು ಹಾಕಿರುತ್ತಿದ್ದರು. ಮೊದಲ ಸಲ ಮೂತ್ರ ಕಿತ್ತಳೆ ಬಣ್ಣದಲ್ಲಿ ಬಂದಾಗ, ಹಾಗಾಗುತ್ತದೆಂದು ಮೊದಲೇ ಹೇಳಿದ್ದರೂ, ಬಚ್ಚಲಲ್ಲಿ ಕಿರುಚಿಬಿಟ್ಟೆ. ಪಾದದ ಕೀಲುಗಳು ನೋಯುತ್ತಿದ್ದವು. ಕಾಫಿಯ ವಾಸನೆಗೇ ವಾಕರಿಕೆ. ಮೈಸೂರಲ್ಲಿ ಹುಟ್ಟಿದವಳಿಗೆ ಕಾಫಿ ಸೇರದಂತಾದರೆ ಇನ್ನು ಬದುಕಿನಲ್ಲಿ ಏನು ಉಳಿಯಿತು!

ಸರ್ಕಾರದಿಂದ ಬರುವ ಮಾತ್ರೆಗಳನ್ನು ತಂದುಕೊಡುವುದು, ತಗೊಂಡಿದ್ದೇವಾ ಎಂದು ವಿಚಾರಿಸುವುದು ಮಹದೇವಸ್ವಾಮಿ ಎಂಬ ಆರೋಗ್ಯ ಕಾರ್ಯಕರ್ತರ ಕೆಲಸ. ಅವರು ಮನೆಗೆ ಬರುತ್ತೇನೆ ಅಂದಾಗ, "ಬೀದಿಯಲ್ಲಿ ಯಾರಾದ್ರೂ ಕೇಳಿದ್ರೆ ಏನಂತೀರಿ?" ಎಂದು ಫೋನಿನಲ್ಲೇ ಕೇಳಿದೆ. ಅವರು, "ಅಮ್ಮ, ನೀವು ಏನ್ ಕೆಲ್ಸ ಮಾಡೀರಿ?" ಅಂದರು. ಹೇಳಿದೆ. ಮಾರನೆಯ ದಿನ ಅವರು ಬಟ್ಟೆ ಅಂಗಡಿಯ ಕವರಿನಲ್ಲಿ ಒಂದು ಸೀರೆ ಹಿಡಿದು ಗೇಟಿನ ಬಳಿ ನಿಂತಿದ್ದರು. ಎದುರುಮನೆಯವರಿಗೆ ಕೇಳುವ ಹಾಗೆ, "ನಮ್ಮೆಂಗ್ಸ್ರು ಸೀರೆಗೆ ಕುಚ್ಚಾಕ್ಸ್‌ಬೇಕಿತ್ತಮ್ಮಾ!" ಎಂದು ಕೂಗಿದರು. ಸೀರೆಯ ಮಡಿಕೆಯೊಳಗೆ ನನ್ನ ಒಂದು ತಿಂಗಳ ಮಾತ್ರೆ ಇತ್ತು. ಆ ತಿಳಿ ನೇರಳೆ ಸೀರೆ ಅದೇ ಕವರಿನಲ್ಲಿ ತಿಂಗಳು ತಿಂಗಳೂ ಬಂತು, ಕುಚ್ಚಿಲ್ಲದೆ ಹಾಗೇ ವಾಪಸ್ ಹೋಯಿತು.

ಸಂಕ್ರಾಂತಿ ಕಳೆದು ಶಿವರಾತ್ರಿ ಬಂತು, ಯುಗಾದಿ ಬಂತು. ಚೌಕಗಳಲ್ಲಿ ಟಿಕ್ಕು ತಪ್ಪಿರಲಿಲ್ಲ. ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಕ್ಯಾಲೆಂಡರ್ ನೋಡಿ, ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು. ಆಗ ಮದುವೆಯ ಕಾಲ ಜೋರಾಗಿತ್ತು. ಕೆಲವು ದಿನ ಐದೂವರೆಗೇ ಎದ್ದು ಕೆಲಸಕ್ಕೆ ಕೂರುತ್ತಿದ್ದೆ. ಸೆರಗಿನ ಅಂಚಿನಲ್ಲಿ ಎಳೆಗಳನ್ನು ಎಣಿಸಿ ಗಂಟು ಹಾಕುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಡುವೆ "ಮಾತ್ರೆ ತಗೊಂಡೆನಾ?" ಎಂದು ಅನುಮಾನ ಬಂದರೆ ಎದ್ದು ಹೋಗಿ ಕ್ಯಾಲೆಂಡರ್ ನೋಡುತ್ತಿದ್ದೆ. ಟಿಕ್ಕು ಇರುತ್ತಿತ್ತು. ಸಮಾಧಾನವಾಗಿ ಬಂದು ಕೂರುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ, ಮೊದಲಿನ ಗಾಯದ ಕೆಳಗೆ ಇನ್ನೊಂದು ಉಬ್ಬು ಕಂಡಿತು. ಮುಟ್ಟಿದೆ. ಬಿಸಿಯಾಗಿತ್ತು. ಕರಗಬೇಕಾದ್ದು ಬೆಳೆಯುತ್ತಿದೆ! ಅದೇ ಹೊತ್ತಿಗೆ ಗೇಟಿನ ಬಳಿ "ಕುಚ್ಚಮ್ಮಾ!" ಎಂದು ಮಹದೇವಸ್ವಾಮಿಯ ದನಿ. ಒಳಗೆ ಬಂದು ಕೂತು, ಹೊಸ ಮಾತ್ರೆ ಕೊಡುವ ಮೊದಲು ಹಳೆಯ ಪಟ್ಟಿಗಳನ್ನು ಕೇಳಿದರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ನಾಕ್ ದಿನದ್ದು ಜಾಸ್ತಿ ಅದೆ ಕಣಮ್ಮ. ಎಂಗೆ?"

"ಇಲ್ಲ, ದಿನಾ ತಗೊಂಡಿದೀನಿ" ಅಂದೆ.

"ಮಾತ್ರೆ ಸುಳ್ಳೇಳಕಿಲ್ಲ ತಾಯಿ" ಎಂದು ಮೆಲ್ಲಗೆ ಅಂದರು.

ಕ್ಯಾಲೆಂಡರ್ ಕಿತ್ತು ತಂದು ಅವರ ಮುಂದೆ ಹಿಡಿದೆ. ಒಂದೂ ಖಾಲಿ ಚೌಕವಿಲ್ಲ. ಅವರು ಟಿಕ್ಕುಗಳನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. "ನಾಳೇನೇ ಡಾಕ್ಟ್ರುನ್ನ ನೋಡಿ. ಮುಚ್ಚಿಡ್‌ಬ್ಯಾಡಿ" ಎಂದು ಹೇಳಿ, ಸೀರೆಯ ಕವರು ಎತ್ತಿಕೊಂಡು ಹೋದರು.

ಅವತ್ತು ನಮ್ಮವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ನೀವೇ! ನೀವೇ ನೋಡದೆ ಮಾಡದೆ ಟಿಕ್ ಹಾಕಿದೀರಿ. ನಾನದನ್ನ ನಂಬ್ಕೊಂಡು ಮಾತ್ರೆ ಬಿಟ್ಟಿದೀನಿ. ಈಗ ಇದು ಮೊಂಡು ಬಿದ್ದಿದೆ. ನೋಡಿ, ಮುಟ್ಟಿ ನೋಡಿ!"

"ನಾನೆಲ್ಲೇ ಹಾಕ್ದೆ? ಯುಗಾದಿ ಆದ್ಮೇಲೆ ಒಂದು ದಿನಾನೂ ನಾನು ಪೆನ್ ಮುಟ್ಟಿಲ್ಲ. ನಂಗೆ ಬೇರೆ ಊರಲ್ಲಿ ಎಕ್ಸಾಮ್ ಡ್ಯೂಟಿ, ಆರಕ್ಕೆಲ್ಲ ಮನೇನೇ ಬಿಟ್ಟಿರ್ತೀನಿ."

"ಹಂಗಾದ್ರೆ ದೆವ್ವ ಬಂದು ಹಾಕ್ತಾ?"

"ನೀನೇ ಎರಡೆರಡು ಸಲ ಹಾಕಿರ್ತೀಯ, ನಿನ್ ತಲೇಲಿ ಬರೀ ಕುಚ್ಚು!"

"ನಾನು ಕಣೋ ಹಾಕಿದ್ದು."

ದೇವರ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲಿತ್ತು.

"ಯುಗಾದಿ ದಿನ ಸಂಕಲ್ಪ ಮಾಡ್ಕೊಂಡೆ. ಒಂದು ಮಂಡಲ, ನಲವತ್ತೆಂಟು ದಿನ ದೇವಿ ಸ್ತೋತ್ರ ಓದ್ತೀನಿ, ಗಿರಿಜಂಗೆ ವಾಸಿಯಾಗ್ಲಿ ಅಂತ. ಲೆಕ್ಕ ತಪ್ಪಬಾರ್ದಲ್ಲ, ಓದಿದ ತಕ್ಷಣ ಒಂದು ಗುರುತು ಹಾಕ್ತಿದ್ದೆ. ಪೆನ್ನು ಅಲ್ಲೇ ಇತ್ತು."

ನಾನು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತೆ. ಬೆಳಿಗ್ಗೆ ಸ್ತೋತ್ರ ಓದಿ ಮುಗಿಸಿ ಅವರು ನನಗಾಗಿ ಹಾಕಿದ ಗುರುತನ್ನು ನೋಡಿಯೇ, ನಾನು ಮಾತ್ರೆ ತಗೊಂಡಾಯಿತೆಂದು ನಾಲ್ಕು ದಿನ ಬಿಟ್ಟಿದ್ದೆ. ಉಳಿದ ದಿನಗಳಲ್ಲಿ ಮಾತ್ರೆ ನುಂಗಿ ಬಂದು ನೋಡಿದರೆ ಮೊದಲೇ ಬಿದ್ದಿರುತ್ತಿದ್ದ ಟಿಕ್ಕನ್ನು, ನಮ್ಮವರು ಹೊರಡುವ ಮುಂಚೆ ಹಾಕಿದ್ದೆಂದು ತಿಳಿದಿದ್ದೆ.

"ವಾಸಿಯಾಗ್ಲಿ ಅಂದ್ರೆ... ಥೈರಾಯ್ಡ್‌ಗಾ ಅತ್ತೆ?" ಎಂದು ಕೇಳಿದೆ. ಆಗಲೂ ಸುಳ್ಳನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

"ಸಾಕು ಸುಮ್ನಿರೇ. ನೀನು ತಟ್ಟೆ ಬೇರೆ ಮಾಡಿದ ದಿನಾನೇ ನಂಗೆ ಗೊತ್ತಾಯ್ತು. ನಮ್ಮಕ್ಕಂಗೂ ಕುತ್ತಿಗೇಲಿ ಹಿಂಗೇ ಬಂದಿತ್ತು. ಅವಳನ್ನ ಹಿತ್ತಲ ಕೋಣೇಲಿ ಮಲಗಿಸಿದ್ರು. ತಟ್ಟೆ, ಲೋಟ ಎಲ್ಲ ಬೇರೆ. ಊಟ ಇಟ್ಟು ಬರೋ ಕೆಲ್ಸ ನಂದು. ನಂಗಾಗ ಹತ್ತು ವರ್ಷವೋ ಏನೋ. ಹೊಸಿಲಲ್ಲಿ ಇಟ್ಟು ಓಡಿ ಬಂದ್ಬಿಡ್ತಿದ್ದೆ. ಒಂದು ದಿನ ಅವಳು ಒಳಗಿಂದ, 'ಒಂದು ಗಳಿಗೆ ನಿಂತ್ಕೊಳೇ' ಅಂದ್ಲು. ನಿಲ್ಲಲಿಲ್ಲ ನಾನು." ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಈಗ ನಿಂಗೂ ನಾನೇ ಕೇಡು ಮಾಡ್ಬುಟ್ಟೆ."

ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆ ಅಳುವುದನ್ನು ನಾನು ಕಂಡದ್ದು ಮಾವ ಹೋದ ದಿನ ಮಾತ್ರ. ಎದ್ದು ಹೋಗಿ ಅವರ ಕೈ ಹಿಡಿದುಕೊಂಡೆ. ಬಾಯಿಗೆ ಬಂದದ್ದು, "ಓದೋದನ್ನ ನಿಲ್ಲಿಸ್ಬೇಡಿ ಅತ್ತೆ. ಪೆನ್ನು ಮಾತ್ರ ಮುಟ್ಬೇಡಿ" ಅಂತ. ನಮ್ಮವರು ಅಷ್ಟು ಹೊತ್ತಿನಲ್ಲೂ ಫಕ್ಕನೆ ನಕ್ಕುಬಿಟ್ಟರು. ಅತ್ತೆಗೂ ನಗು ಬಂತು. ಲೋಟಕ್ಕೆ ಸುತ್ತಿದ್ದ ಹಸಿರು ದಾರವನ್ನು ಅವರೇ ಹಲ್ಲಿನಿಂದ ಕಡಿದು ತೆಗೆದರು.

"ಮತ್ತೆ ನಾನು ಗುರುತು ಎಂಗೆ ಇಡ್ಲಿ?" ಎಂದು ಕೇಳಿದರು.

"ಕುಂಕುಮ ಇಡಿ. ಒಂದು ಚುಕ್ಕೆ."

ಅತ್ತೆ ನನ್ನನ್ನೇ ನೋಡಿದರು. ಮಾವ ತೀರಿಕೊಂಡು ಹನ್ನೊಂದು ವರ್ಷ. ಆವತ್ತಿನಿಂದ ಅವರು ಕುಂಕುಮದ ಬಟ್ಟಲನ್ನು ಮುಟ್ಟಿದವರಲ್ಲ. ದೇವರಿಗೆ ಇಡುವುದನ್ನೂ ನನ್ನಿಂದಲೇ ಮಾಡಿಸುತ್ತಿದ್ದರು. ಯಾರೂ ಬೇಡ ಅಂದಿರಲಿಲ್ಲ, ಅವರಾಗಿಯೇ ಬಿಟ್ಟಿದ್ದರು. ನಾನು ಯೋಚಿಸದೆ ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಮನಸ್ಸಾಗಲಿಲ್ಲ. "ನೀವೇ ಇಡಬೇಕು. ನಾನು ಮಾತ್ರೆ ನುಂಗೋದನ್ನ ಕಣ್ಣಾರೆ ನೋಡಿ, ಆಮೇಲೆ ಇಡಬೇಕು" ಅಂದೆ.

ಮಾರನೆಯ ಬೆಳಿಗ್ಗೆ ಆರಕ್ಕೆ ಅತ್ತೆ ಬಟ್ಟಲು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದರು. ನಾನು ಒಂದೊಂದೇ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದೆ. ಅವರು ಉಂಗುರದ ಬೆರಳಿಗೆ ಒಂದು ಹನಿ ನೀರು ಮುಟ್ಟಿಸಿ, ಕುಂಕುಮದಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಾಗೇ ನಿಂತು, ಚೌಕದಲ್ಲಿ ಚುಕ್ಕೆ ಇಟ್ಟರು.

ಅವತ್ತೇ ಆಸ್ಪತ್ರೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ವೈದ್ಯೆ ಬೈಯಲಿಲ್ಲ. "ಔಷಧಿ ಕೆಲ್ಸ ಮಾಡ್ತಿರುವಾಗ್ಲೂ ಕೆಲವರಿಗೆ ಗಂಟು ಊದುತ್ತೆ. ಹಾಗೂ ಇರಬಹುದು. ಆದ್ರೆ ಮಾತ್ರೆ ಬಿಟ್ಟಿದೀರಲ್ಲ, ಖಚಿತ ಮಾಡ್ಕೊಂಡೇ ಬಿಡೋಣ" ಎಂದು ಮತ್ತೆ ಸೂಜಿ ಹಾಕಿಸಿದರು. ಮತ್ತೆ ಅದೇ ಕಬ್ಬಿಣದ ಕುರ್ಚಿ, ಅದೇ ಶಬ್ದವಿಲ್ಲದ ಟೀವಿ. ಮಂಡಕಳ್ಳಿಯ ಅಜ್ಜಿ ಎಲ್ಲಾದರೂ ಕಾಣುತ್ತಾರಾ ಎಂದು ಹುಡುಕಿದೆ. ಕಾಣಲಿಲ್ಲ. ಅವರಿಗೇನಾಯಿತು ಎಂದು ಕೇಳೋಣವೆಂದರೆ ನನಗೆ ಅವರ ಹೆಸರೇ ಗೊತ್ತಿಲ್ಲ.

ಫಲಿತಾಂಶಕ್ಕೆ ಕಾದ ಆ ದಿನಗಳು ಮೊದಲ ಸಲಕ್ಕಿಂತ ಕೆಟ್ಟದಾಗಿದ್ದವು. ಮೊದಲ ಸಲ ಕಾಯಿಲೆ ತಾನಾಗಿ ಬಂದಿತ್ತು. ಈ ಸಲ ನಾನೇ ಕರೆದುಕೊಂಡೆನೇನೋ ಎಂಬ ಹಾಳು ಯೋಚನೆ. ಸೀರೆ ಮುಂದಿಟ್ಟುಕೊಂಡು ಕೂತರೆ ಎಳೆ ಎಣಿಸಲಾಗುತ್ತಿರಲಿಲ್ಲ, ಹಾಕಿದ ಗಂಟನ್ನೇ ಬಿಚ್ಚಿ ಬಿಚ್ಚಿ ಹಾಕುತ್ತಿದ್ದೆ. ಮಗಳಿಗೂ ಆಗಲೇ ಫೋನಿನಲ್ಲಿ ನಿಜ ಹೇಳಿದ್ದು. "ನನ್ನತ್ರನೂ ಮುಚ್ಚಿಟ್ಯಾ?" ಎಂದು ಅತ್ತಳು, ಆಮೇಲೆ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡತೊಡಗಿದಳು. ನಾಲ್ಕನೆಯ ದಿನ ಆಸ್ಪತ್ರೆಯಿಂದ ಕರೆ ಬಂತು. ಕಾಯಿಲೆ ಮೊಂಡು ಬಿದ್ದಿಲ್ಲ, ಇದೇ ಮಾತ್ರೆ ಸಾಕು. ಊತ ಇರುವುದರಿಂದ ಆರು ತಿಂಗಳ ಬದಲು ಒಂಬತ್ತು ತಿಂಗಳು ಅಂದರು. ಇನ್ನೂ ಮೂರು ತಿಂಗಳು ಹೆಚ್ಚಾಯಿತೆಂದು ಕೇಳಿ ಯಾರಾದರೂ ಪಾಯಸ ಮಾಡುತ್ತಾರಾ? ಅತ್ತೆ ಮಾಡಿದರು.

ಅತ್ತೆಯ ಮಂಡಲ ಮುಗಿದರೂ ಚುಕ್ಕೆ ನಿಲ್ಲಲಿಲ್ಲ. ಗುಟ್ಟು ಮಾತ್ರ ನಿಂತುಹೋಯಿತು, ಅದೂ ಅತ್ತೆಯಿಂದಲೇ. ಮದುವೆ ಮುಂದಕ್ಕೆ ಹೋಗಿ ಉಳಿದಿದ್ದ ಎರಡು ಸೀರೆಯ ವಿಚಾರಕ್ಕೆ ಶಶಿಕಲಾ ಮನೆಗೆ ಬಂದು, "ಥೈರಾಯ್ಡ್ ಹೇಗಿದೆ?" ಎಂದು ಕೇಳಿದಾಗ ಅತ್ತೆ ಒಳಗಿಂದಲೇ, "ಥೈರಾಯ್ಡ್ ಅಲ್ಲಮ್ಮ, ಗಂಟಿನ ಟಿಬಿ. ಮುಟ್ಟಿದ್ರೆ ಅಂಟಲ್ಲ. ಮಾತ್ರೆ ತಗೋತಾಳೆ, ನಾನೇ ನಿಂತು ನುಂಗಿಸ್ತೀನಿ" ಎಂದು ಸಾರಿಬಿಟ್ಟರು. ಶಶಿಕಲಾ ಕಾಫಿ ಪೂರ್ತಿ ಕುಡಿಯಲಿಲ್ಲ. ಅರ್ಜೆಂಟಿದೆ ಎಂದು ಎರಡೂ ಸೀರೆ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಸಿಟ್ಟು ಬಂತು, ಈಗಲೂ ಇದೆ. ಆದರೆ ಕೆರೆ ಏರಿಯ ಮೇಲೆ ಅವರು ಅಂದು ಬಾಯಿ ಬಿಡದಿದ್ದರೆ ನಾನು ಇನ್ನೆಷ್ಟು ದಿನ "ಆಮೇಲೆ" ಅನ್ನುತ್ತಿದ್ದೆನೋ. ಉಳಿದ ಗಿರಾಕಿಗಳಲ್ಲಿ ಹೆಚ್ಚಿನವರು ಉಳಿದರು. ಒಬ್ಬರು ಬಾಗಿಲು ಹಾಕಿಕೊಂಡು, ತಮಗೂ ಹಿಂದೊಮ್ಮೆ ಬಂದಿತ್ತೆಂದು ಕಿವಿಯಲ್ಲಿ ಹೇಳಿದರು. ಇದನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಅವತ್ತು.

ದೀಪಾವಳಿಯ ಹಿಂದಿನ ವಾರ ಕೊನೆಯ ಮಾತ್ರೆ. ಮಹದೇವಸ್ವಾಮಿ ಬಂದಾಗ ಆ ನೇರಳೆ ಸೀರೆಯನ್ನು ಅವರ ಕೈಯಿಂದ ಕಿತ್ತುಕೊಂಡು, ನಾಲ್ಕು ದಿನ ಕೂತು, ನನಗೆ ಬರುವ ಕುಚ್ಚುಗಳಲ್ಲೇ ಕಷ್ಟದ್ದನ್ನು ಹಾಕಿಕೊಟ್ಟೆ. ಅವರು ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದ್ನ ನಂಬಾಕಿಲ್ಲ ನಮ್ಮೋಳು. ಒಂಬತ್ ತಿಂಗ್ಳಿಂದ ಕೇಳ್ತಾವ್ಳೆ, ಎಲ್ಲಯ್ಯಾ ಕುಚ್ಚು ಅಂತ" ಅಂದರು.

ಮಾತ್ರೆ ನಿಂತರೆ ಭಯವೂ ನಿಲ್ಲುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಮಾತ್ರೆ ಇದ್ದಾಗ ದಿನಾ ಬೆಳಿಗ್ಗೆ ಏನೋ ಒಂದು ಮಾಡುತ್ತಿದ್ದೇನೆ ಅನ್ನುವ ಧೈರ್ಯವಿತ್ತು. ಈಗ ಆರು ಗಂಟೆಗೆ ಎಚ್ಚರವಾದರೆ ಕೈ ತಾನಾಗಿಯೇ ಕಿವಿಯ ಕೆಳಗೆ ಹೋಗುತ್ತದೆ. ಗಾಯದ ಗುರುತಿನ ಸುತ್ತ ತಡವುತ್ತದೆ. ಏನೂ ಇರುವುದಿಲ್ಲ, ಮತ್ತೆ ತಡವುತ್ತದೆ. ಕಾಯಿಲೆಯಿಂದ ಎದ್ದು ಬಂದ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೂ ಹೀಗಾಗುತ್ತಿದ್ದರೆ, ನೀವೊಬ್ಬರೇ ಅಲ್ಲ.

ಈ ಜನವರಿ ಒಂದಕ್ಕೆ ಹೊಸ ಕ್ಯಾಲೆಂಡರ್ ಹಾಕಿದೆ, ಪೆನ್ನು ಕಟ್ಟಿದೆ. ಈ ಸಲ ನಮ್ಮವರು ರೇಗಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಅಡುಗೆಮನೆಗೆ ಬಂದರೆ ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಾರೆ.

"ಮಾತ್ರೆ ಮುಗಿದು ಎರಡು ತಿಂಗಳಾಯ್ತಲ್ಲ ಅತ್ತೆ."

"ನಿನ್ ಮಾತ್ರೆ ಮುಗೀತು ಕಣೆ. ನನ್ ಭಯ ಮುಗಿದಿಲ್ವಲ್ಲ" ಅಂದರು. ಆಮೇಲೆ ಬಟ್ಟಲನ್ನೇ ನೋಡುತ್ತಾ, "ಏನ್ ನೋಡಿ ಇಡ್ಲಿ ಈಗ?" ಅಂದರು.

ನನ್ನ ಕೈ ಕುತ್ತಿಗೆಯ ಮೇಲಿತ್ತು. ಅದನ್ನು ಕೆಳಗಿಳಿಸಿದೆ. "ಕೆರೆಗೆ ಹೋಗಿ ಒಂದು ಸುತ್ತು ಬರ್ತೀನಿ. ಬಂದ್ಮೇಲೆ ಇಡಿ" ಅಂದೆ. ಶಾಲು ಹೊದೆಯಲಿಲ್ಲ.

ಮೊದಲ ದಿನದಿಂದ ಇವತ್ತಿನವರೆಗೆ ಹೀಗೇ ನಡೆದಿದೆ. ಸಂಕ್ರಾಂತಿ ಕಳೆದು ಆರು ದಿನವಾಯಿತು, ಒಂದು ಚೌಕವೂ ಖಾಲಿ ಇಲ್ಲ. ಇವತ್ತು ಕೆರೆಯ ಏರಿಯ ಮೇಲೆ ಉಬ್ಬಸ ಬಂದು ಒಂದು ಕಡೆ ಕೂತೆ, ಉಬ್ಬಸಕ್ಕೆ ಏನೇನೋ ಅರ್ಥ ಹುಡುಕಿದೆ, ಹೆದರಿದೆ, ಮತ್ತೆ ಎದ್ದು ನಡೆದೆ. ಮನೆಯ ತಿರುವಿಗೆ ಬರುವಷ್ಟರಲ್ಲಿ ಏಳೂಕಾಲು. ದೂರದಿಂದಲೇ ಕಂಡಿತು. ಅತ್ತೆ ಗೇಟಿನ ಹೊರಗೆ ಬೀದಿಗೇ ಬಂದು ನಿಂತಿದ್ದರು, ಕೆಂಪಾದ ಬೆರಳನ್ನು ಯಾವುದಕ್ಕೂ ತಾಗದಂತೆ ಮೇಲೆತ್ತಿ ಹಿಡಿದುಕೊಂಡಿದ್ದರು.

"ಎಷ್ಟೊತ್ತೇ ಬರೋದು? ಕುಂಕುಮ ಬೆರಳಲ್ಲೇ ಒಣಗೋಯ್ತು!"